ಆರು ಪ್ರಶ್ನೆ, ಹಿಂದೆ ಅಡಗಿರುವ ಒಬ್ಬ ನಟ: ಕೊಂಡಿ ಗಟ್ಟಿ ಇದೆಯಾ ನೋಡಿ ಹೇಳಿ

ಭಾನುವಾರದ ಕ್ವಿಜ್, ಹಾಸನ:

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ವಾಚನಾಲಯದಲ್ಲಿ ತಿಂಗಳಿಗೊಂದು ಭಾನುವಾರ ಕ್ವಿಜ್ ನಡೆಸುತ್ತೇವೆ. ಏಳೆಂಟು ತಂಡ ಬರುತ್ತವೆ, ಒಂದೊಂದರಲ್ಲಿ ಇಬ್ಬರು. ಹೈಸ್ಕೂಲ್ ಮಕ್ಕಳಿಂದ ಹಿಡಿದು ನಿವೃತ್ತರಾದ ಮೇಷ್ಟ್ರುಗಳವರೆಗೆ ಎಲ್ಲರೂ ಇರುತ್ತಾರೆ. ಕೊನೆಯ ಸುತ್ತು ಯಾವಾಗಲೂ ಕನೆಕ್ಟ್ ಸುತ್ತು. ಸಾಮಾನ್ಯ ಜ್ಞಾನದ ಆರು ಪ್ರಶ್ನೆ ಒಂದೊಂದಾಗಿ ಕೇಳುತ್ತೇನೆ, ಆರೂ ಉತ್ತರದ ಹಿಂದೆ ಒಬ್ಬ ಸಿನಿಮಾ ನಟ ಇರುತ್ತಾರೆ. ಮೊದಲ ಉತ್ತರಕ್ಕೇ ಹಿಡಿದರೆ 60 ಅಂಕ, ಆಮೇಲೆ ಒಂದೊಂದು ಪ್ರಶ್ನೆಗೂ ಹತ್ತು ಹತ್ತು ಕಡಿಮೆ. ಒಂದು ತಂಡಕ್ಕೆ ಒಂದೇ ಅವಕಾಶ.

ಹೋದ ತಿಂಗಳು ಎಡವಟ್ಟಾಯಿತು. ವಿಷ್ಣುವರ್ಧನ್ ಅವರನ್ನು ಮನಸ್ಸಲ್ಲಿಟ್ಟುಕೊಂಡು ಪ್ರಶ್ನೆ ಮಾಡಿದ್ದೆ. ಚಿತ್ರದುರ್ಗದ ಕೋಟೆ, ತ.ರಾ.ಸು., 1972ನೇ ಇಸವಿ, ಹೀಗೆ. ಒಂದು ತಂಡ ಎದ್ದು ಅಂಬರೀಶ್ ಅಂದಿತು. ಯೋಚನೆ ಮಾಡಿ ನೋಡಿದರೆ ಅವರದ್ದೂ ಸರಿಯೇ, 'ನಾಗರಹಾವು' ಚಿತ್ರದಲ್ಲೇ ಅಂಬರೀಶ್ ಕೂಡ ಮೊದಲು ತೆರೆಗೆ ಬಂದದ್ದು. ಕೊನೆಗೆ ಎರಡೂ ತಂಡಕ್ಕೆ ಅಂಕ ಕೊಟ್ಟೆ, ಆದರೆ ಯಾರಿಗೂ ಸಮಾಧಾನ ಆಗಲಿಲ್ಲ.

ಹಾಗಾಗಿ ಈ ಸಲ ಮೊದಲೇ ನಿಮ್ಮ ಮುಂದೆ ಇಡುತ್ತಿದ್ದೇನೆ. ಯಾರು ಅಂತ ನಾನು ಹೇಳುವುದಿಲ್ಲ. ನೀವು ಬಿಡಿಸಿ, ಇಬ್ಬರು ನಟರು ಬರುವ ಹಾಗೆ ಎಲ್ಲಾದರೂ ಸಂದು ಇದ್ದರೆ ತೋರಿಸಿ.

1. ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರಾದ ಮಳೆಕಾಡು ಸಂಶೋಧನಾ ಕೇಂದ್ರವನ್ನು ರೊಮುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದ್ದು ಕರ್ನಾಟಕದ ಯಾವ ಊರಿನಲ್ಲಿ?

2. ಏಷ್ಯನ್ ಪೇಂಟ್ಸ್ ಡಬ್ಬಿಯ ಮೇಲೆ ಕೈಯಲ್ಲಿ ಬ್ರಶ್ಶು ಹಿಡಿದು, ಹಣೆ ಮೇಲೆ ಕೂದಲು ಬಿಟ್ಟುಕೊಂಡು ನಿಂತಿದ್ದ ತುಂಟ ಹುಡುಗ ಗಟ್ಟು. 1954ರಲ್ಲಿ ಅವನನ್ನು ಬರೆದ ಕಲಾವಿದರು ಯಾರು?

3. ಬಡ ಮೀನುಗಾರನೊಬ್ಬನಿಗೆ ದೊಡ್ಡ ಮುತ್ತು ಸಿಕ್ಕಿ, ಆ ಮುತ್ತಿನಿಂದಲೇ ಅವನ ಬದುಕು ಹಾಳಾಗುವ ಕತೆ ಬರೆದವರು, 1962ರಲ್ಲಿ ಸಾಹಿತ್ಯದ ನೊಬೆಲ್ ಪಡೆದವರು, ಅಮೆರಿಕದವರು. ಯಾರು?

4. ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ 1952ರಲ್ಲಿ ಮುಂಬೈಯಲ್ಲಿ ಶುರುವಾಯಿತು, 2004ರಿಂದ ಗೋವಾದಲ್ಲಿ ನಡೆಯುತ್ತಿದೆ. ಗೆದ್ದವರಿಗೆ ಚಿನ್ನದ್ದೋ ಬೆಳ್ಳಿಯದ್ದೋ ಒಂದು ಹಕ್ಕಿ ಕೊಡುತ್ತಾರೆ. ಯಾವ ಹಕ್ಕಿ?

5. ಇಟಲಿಯ ಪಿಯಾಜಿಯೊ ಕಂಪನಿಯ ಸ್ಕೂಟರ್ ವೆಸ್ಪಾ. ಆ ಹೆಸರಿಗೆ ಅವರ ಭಾಷೆಯಲ್ಲಿ ಕಣಜದ ಹುಳ ಅಂತ ಅರ್ಥ. ಅದೇ ಕಂಪನಿ 1948ರಲ್ಲಿ ತಂದ ಮೂರು ಚಕ್ರದ ಗಾಡಿಗೆ ಇನ್ನೊಂದು ಹುಳದ ಹೆಸರಿಟ್ಟರು. ಯಾವ ಹುಳ?

6. ಹಾಲಿವುಡ್ ನಟ ಜೇಮ್ಸ್ ಡೀನ್ 24ನೇ ವಯಸ್ಸಿಗೇ ಕಾರು ಅಪಘಾತದಲ್ಲಿ ತೀರಿಕೊಂಡದ್ದು 1955ರಲ್ಲಿ. ಯಾವ ತಿಂಗಳು, ಯಾವ ತಾರೀಕು?

ಗೂಗಲ್ ಮಾಡದೆ ಪ್ರಯತ್ನಿಸಿ, ದಯವಿಟ್ಟು.

ಘಟ್ಟದ ಕೆಳಗಿನವ:

ಒಂದನೆಯದು ಆಗುಂಬೆ, ಅದರಲ್ಲಿ ಅನುಮಾನವೇ ಇಲ್ಲ. ನಮ್ಮ ಊರು ಸೋಮೇಶ್ವರದ ಹತ್ತಿರ, ಘಾಟಿ ಹತ್ತಿದರೆ ಆಗುಂಬೆ. ಚಿಕ್ಕವನಿದ್ದಾಗ ಒಮ್ಮೆ ತೋಟದ ಅಂಚಿನಲ್ಲಿ ಒಣಗಿದ ಎಲೆ ಗುಡ್ಡೆ ಹಾಕಿದ ಹಾಗೆ ಕಂಡಿತು, ಮೊಣಕಾಲು ಎತ್ತರ ಇತ್ತು. ನಾನು ಕೋಲು ಹಾಕಲು ಹೋದೆ. ಅಜ್ಜ ಹಿಂದಿನಿಂದ ಅಂಗಿ ಹಿಡಿದು ಎಳೆದರು. ಅದು ಕಾಳಿಂಗದ ಗೂಡು. ಹಾವುಗಳಲ್ಲಿ ಎಲೆ ಒಟ್ಟು ಮಾಡಿ ಗೂಡು ಕಟ್ಟಿ ಮೊಟ್ಟೆ ಇಡುವುದು ಇದೊಂದೇ ಅಂತ ಆಮೇಲೆ ಗೊತ್ತಾಯಿತು. ಮೈಯನ್ನೇ ಕೈ ಮಾಡಿಕೊಂಡು ಎಲೆ ತಳ್ಳಿ ತಳ್ಳಿ ಒಟ್ಟುತ್ತದೆ. ಅಷ್ಟು ಜೋರು ಮಳೆಗೂ ಆ ಗುಡ್ಡೆಯ ಒಳಗೆ ನೀರು ಇಳಿಯುವುದಿಲ್ಲ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದ್ದೇ ಪ್ರಭೇದ ಅಂತ ವಿಜ್ಞಾನಿಗಳು ತೀರ್ಮಾನಿಸಿ, ಅದಕ್ಕೆ ಒಫಿಯೊಫೇಗಸ್ ಕಾಳಿಂಗ ಅಂತ ಹೆಸರಿಟ್ಟರು. ನಮ್ಮ ಜನ ಕರೆಯುವ ಹೆಸರೇ ಈಗ ಪ್ರಪಂಚದ ಎಲ್ಲಾ ಜೀವಶಾಸ್ತ್ರದ ಪುಸ್ತಕಗಳಿಗೆ ಹೋಗುತ್ತದೆ. ನನಗಂತೂ ಆ ಸುದ್ದಿ ಓದಿ ತುಂಬಾ ಖುಷಿಯಾಗಿತ್ತು. ಇದನ್ನೂ ಪ್ರಶ್ನೆಯೊಳಗೆ ಸೇರಿಸಿ ಸರ್, ಮಕ್ಕಳಿಗೆ ಇಷ್ಟ ಆಗುತ್ತದೆ.

ಎರಡನೆಯದು ಆರ್.ಕೆ. ಲಕ್ಷ್ಮಣ್. ಆಗುಂಬೆ, ಲಕ್ಷ್ಮಣ್ ಎರಡೂ ಸೇರಿದರೆ ಮಾಲ್ಗುಡಿ ಡೇಸ್ ಅಲ್ವಾ? ಅಣ್ಣ ನಾರಾಯಣ್ ಕತೆ ಬರೆದರು, ತಮ್ಮ ಲಕ್ಷ್ಮಣ್ ಅದರ ಟೈಟಲ್ ಚಿತ್ರ ಬರೆದರು, ಶೂಟಿಂಗ್ ಆಗಿದ್ದು ಆಗುಂಬೆಯಲ್ಲಿ. ಹಾಗಾದರೆ ನನ್ನ ಉತ್ತರ ಅನಂತ್ ನಾಗ್. ಅದರಲ್ಲಿ ಪಾತ್ರ ಮಾಡಿದ್ದರು. ಉಳಿದ ನಾಲ್ಕು ಇನ್ನೂ ಕೂಡಿಸಿ ನೋಡಿಲ್ಲ.

ಸ್ಯಾನ್ ಹೋಸೆ ಕನ್ನಡಿಗ:

ನಾನು ಆರಂಭ ಮಾಡಿದ್ದು ಕೆಳಗಿನಿಂದ, ಅದಕ್ಕೇ ದಾರಿ ತಪ್ಪಿತು. ಹೇಗೆ ತಪ್ಪಿತು ಅಂತ ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರುತ್ತದೆ.

ಮೂರನೆಯ ಉತ್ತರ ಜಾನ್ ಸ್ಟೈನ್‌ಬೆಕ್. ಅವರು ಹುಟ್ಟಿದ್ದು ಸಲೀನಾಸ್‌ನಲ್ಲಿ, ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆ ದಾರಿ. ಅವರ ಹೆಸರಿನ ಮ್ಯೂಸಿಯಂ ಅಲ್ಲೇ ಇದೆ, ಊರಿಂದ ಯಾರಾದರೂ ಬಂದರೆ ಕರೆದುಕೊಂಡು ಹೋಗುತ್ತೇನೆ. ಊರಿನ ಸುತ್ತ ಕಣ್ಣು ಹಾಯಿಸಿದಷ್ಟೂ ಲೆಟಿಸ್ ಸೊಪ್ಪಿನ ಹೊಲ, ಬೆಳಿಗ್ಗೆ ಹೋದರೆ ಸಾಲಾಗಿ ಬಗ್ಗಿ ಕೊಯ್ಯುವ ಕೂಲಿಯವರು. ಅವರ ಕತೆಗಳಲ್ಲಿ ಬರುವ ಜನ ಇನ್ನೂ ಅಲ್ಲೇ ಇದ್ದಾರೆ ಅನ್ನಿಸುತ್ತದೆ.

ಆರನೆಯದಕ್ಕೆ ಉತ್ತರ ಸೆಪ್ಟೆಂಬರ್ 30. ಈಗ ನೋಡಿ, ಜೇಮ್ಸ್ ಡೀನ್ ಅವತ್ತು ಹೊರಟಿದ್ದು ಎಲ್ಲಿಗೆ? ಸಲೀನಾಸ್‌ನ ಕಾರ್ ರೇಸಿಗೆ! ಹೊಸ ಪೋರ್ಷೆ 550 ಸ್ಪೈಡರ್ ಓಡಿಸಿಕೊಂಡು ಬರುತ್ತಿದ್ದಾಗ ಚೊಲೇಮ್ ಅನ್ನುವ ಸಣ್ಣ ಊರಿನ ಹತ್ತಿರ, ಎರಡು ಹೆದ್ದಾರಿ ಸೇರುವ ಜಾಗದಲ್ಲಿ ಅಪಘಾತ ಆಯಿತು. ಇನ್ನೂ ಒಂದಿದೆ. ಡೀನ್ ನಾಯಕನಾಗಿ ನಟಿಸಿದ ಮೊದಲ ಚಿತ್ರ 'ಈಸ್ಟ್ ಆಫ್ ಈಡನ್' ಸ್ಟೈನ್‌ಬೆಕ್ ಅವರದ್ದೇ ಕಾದಂಬರಿ. ತೀರಿಹೋದ ಮೇಲೆ ಆಸ್ಕರ್‌ಗೆ ಹೆಸರು ಹೋಗಿದ್ದೂ ಅದೇ ಚಿತ್ರಕ್ಕೆ, ಮುಂದಿನ ವರ್ಷ ಇನ್ನೊಂದಕ್ಕೆ. ಹಾಗಾಗಿ ಮೂರು ಮತ್ತು ಆರು ಸೇರಿಸಿದ ಕೂಡಲೇ ಅಡಗಿರುವ ನಟ ಜೇಮ್ಸ್ ಡೀನ್ ಅಂದುಕೊಂಡೆ. ನೀವೇ ಹೆಸರು ಹಾಕಿದ್ದೀರಿ ಅನ್ನುವುದೂ ಮರೆತುಹೋಯಿತು. ಆಗುಂಬೆಗೂ ಡೀನ್‌ಗೂ ಏನು ಸಂಬಂಧ ಅಂತ ಅರ್ಧ ಗಂಟೆ ಕೂತು ಯೋಚಿಸಿದೆ.

ಸ್ಟೈನ್‌ಬೆಕ್ ಮತ್ತು ಡೀನ್ ಒಂದೇ ಪಟ್ಟಿಯಲ್ಲಿ ಇರಬಾರದು, ಎರಡರಲ್ಲಿ ಒಂದು ತೆಗೆಯಿರಿ. ಒಂದನ್ನೊಂದು ಎಳೆಯುತ್ತವೆ.

ಮುಖ್ಯ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ಮುತ್ತಿನ ಕತೆ ಅಂದಮೇಲೆ ಡಾ. ರಾಜ್‌ಕುಮಾರ್ ಅವರ 'ಒಂದು ಮುತ್ತಿನ ಕಥೆ' ನೆನಪಾಯಿತು. ರಾಜ್‌ಕುಮಾರ್ ಆಗಿರಬಹುದಾ?

ಚಾಕ್‌ಪೀಸ್:

ಇಪ್ಪತ್ತು ವರ್ಷದಿಂದ ಶಾಲೆಗಳಲ್ಲಿ ಕ್ವಿಜ್ ಮಾಡಿಸುತ್ತಿದ್ದೇನೆ. ಬಿಡಿಸಿದೆ. ಇನ್ನೂ ಯೋಚಿಸುತ್ತಿರುವವರು ಇಲ್ಲಿಗೇ ನಿಲ್ಲಿಸಿ, ಉತ್ತರ ಕೆಳಗಿದೆ.

ಶಂಕರ್ ನಾಗ್.

ಆಗುಂಬೆ: ಮಾಲ್ಗುಡಿ ಡೇಸ್ ನಿರ್ದೇಶಿಸಿದ್ದು ಅವರು, ಅಲ್ಲಿನ ದೊಡ್ಡಮನೆಯಲ್ಲೇ ಸ್ವಾಮಿಯ ಮನೆ. ಲಕ್ಷ್ಮಣ್: ಮೇಲಿನವರು ಹೇಳಿದ್ದು ಸರಿ. ಸ್ಟೈನ್‌ಬೆಕ್: ಆ ಮುತ್ತಿನ ಕತೆಯಿಂದಲೇ 1987ರಲ್ಲಿ 'ಒಂದು ಮುತ್ತಿನ ಕಥೆ' ಬಂತು, ನಟಿಸಿದ್ದು ರಾಜ್‌ಕುಮಾರ್, ನಿರ್ದೇಶಿಸಿದ್ದು ಶಂಕರ್ ನಾಗ್. ಹಕ್ಕಿ ನವಿಲು: ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರದ ಗಂಡುಗಲಿಯ ಪಾತ್ರಕ್ಕೆ 1979ರ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ, ಬೆಳ್ಳಿ ನವಿಲು. ಅದು ಅವರ ಮೊದಲ ಕನ್ನಡ ಚಿತ್ರ, ವಯಸ್ಸು ಇನ್ನೂ 25 ತುಂಬಿರಲಿಲ್ಲ. ಹುಳ ಜೇನುನೊಣ, ಗಾಡಿ ಆಪೆ: ಆಟೋ ಅಂದರೆ ಇನ್ನು ಹೇಳಬೇಕಾ, 1980ರ 'ಆಟೋ ರಾಜ'. ಸೆಪ್ಟೆಂಬರ್ 30: 1990ರಲ್ಲಿ ಅದೇ ದಿನ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತ.

ಈಗ ಸಂದು ಎಲ್ಲಿದೆ ಅಂತ ನೋಡೋಣ. ನಾನು ಮಾಡುವುದು ಹೀಗೆ: ಅನುಮಾನ ಬರುವ ಪ್ರತಿ ಹೆಸರಿಗೂ ಆರು ಉತ್ತರ ಹಚ್ಚಿ ನೋಡುತ್ತೇನೆ. ಅನಂತ್ ನಾಗ್‌ಗೆ ಆಗುಂಬೆ, ಲಕ್ಷ್ಮಣ್ ಹತ್ತುತ್ತವೆ, ಮುತ್ತು ಹತ್ತುವುದಿಲ್ಲ. ರಾಜ್‌ಕುಮಾರ್‌ಗೆ ಮುತ್ತು ಒಂದೇ. ಗಿರೀಶ್ ಕಾರ್ನಾಡ್ ಇದ್ದಾರಲ್ಲ, ಅವರು ಅಪಾಯ. ಮಾಲ್ಗುಡಿಯಲ್ಲಿ ಸ್ವಾಮಿಯ ಅಪ್ಪ ಅವರೇ, ನವಿಲು ಬಂದ ಚಿತ್ರದ ನಿರ್ದೇಶಕರೂ ಅವರೇ. ಆದ್ದರಿಂದ ಆಗುಂಬೆ, ಲಕ್ಷ್ಮಣ್, ನವಿಲು ಈ ಮೂರೇ ಮೊದಲು ಕೇಳಿದರೆ ಕಾರ್ನಾಡ್ ಅಂತ ಹೇಳಿದ ತಂಡವನ್ನು ನೀವು ತಪ್ಪು ಅನ್ನುವ ಹಾಗಿಲ್ಲ. ಮುತ್ತೋ ಆಟೋವೋ ಸೇರಿದರೆ ಮಾತ್ರ ಕಾರ್ನಾಡ್ ಹೊರಗೆ.

ಅಂದರೆ ತೊಂದರೆ ಇರುವುದು ಪ್ರಶ್ನೆಯಲ್ಲಲ್ಲ, ಸರದಿಯಲ್ಲಿ. ಸ್ಟೈನ್‌ಬೆಕ್ ಮೇಲೆ ತನ್ನಿ, ಅದು ಎಲ್ಲಕ್ಕಿಂತ ದೂರದ್ದು. ಆಮೇಲೆ ನವಿಲು. ಆಮೇಲೆ ಲಕ್ಷ್ಮಣ್, ಆಗುಂಬೆ. ಜೇನುನೊಣ ಕೊನೆಗಿರಲಿ. ಆಪೆ ಅನ್ನುವ ಹೆಸರು ಬಾಯಿಗೆ ಬಂದರೆ ಸಾಕು, ಕರ್ನಾಟಕದಲ್ಲಿ ಹತ್ತರಲ್ಲಿ ಒಂಬತ್ತು ಜನ ಆಟೋ ಹಿಂದಿನ ಗಾಜಿನ ಮೇಲಿನ ಆ ಗಡ್ಡದ ಮುಖವನ್ನೇ ನೆನೆಯುತ್ತಾರೆ. ಅಷ್ಟು ಸುಲಭದ್ದನ್ನು ಐದನೆಯದಾಗಿ ಇಟ್ಟು, ಆರಕ್ಕೆ ಕಷ್ಟದ್ದು ಇಟ್ಟರೆ ಆರನೆಯದು ಸುಮ್ನೆ ದಂಡ.

ಇನ್ನೊಂದು ಸಣ್ಣ ವಿಷಯ. ಗಟ್ಟು ಹುಟ್ಟಿದ 1954ರಲ್ಲೇ ಶಂಕರ್ ನಾಗ್ ಕೂಡ ಹುಟ್ಟಿದ್ದು, ಹೊನ್ನಾವರ ತಾಲೂಕಿನಲ್ಲಿ. ಆಗ ಆ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು, ನಮ್ಮ ಕಡೆಗೆ ಸೇರಿದ್ದು 1956ರ ನವೆಂಬರ್ 1ಕ್ಕೆ. ರಾಜ್ಯೋತ್ಸವದ ತಿಂಗಳಲ್ಲಿ ಕ್ವಿಜ್ ಇದ್ದರೆ ಇದನ್ನೂ ಹೇಳಬಹುದು.

ಘಟ್ಟದ ಕೆಳಗಿನವ:

ಅಯ್ಯೋ, ಅಣ್ಣನ ಹೆಸರು ಹೇಳಿ ತಮ್ಮನನ್ನು ಬಿಟ್ಟೆನಲ್ಲ. ನಾರಾಯಣ್ ಲಕ್ಷ್ಮಣ್ ಅಣ್ಣ ತಮ್ಮ, ಅನಂತ್ ಶಂಕರ್ ಅಣ್ಣ ತಮ್ಮ. ಎರಡು ಜೋಡಿ ಸೇರಿ ಮಾಡಿದ ಕೆಲಸ ಅದು ಅಂತ ಇವತ್ತೇ ಹೊಳೆದದ್ದು. ಇನ್ನು ಆ ಟೈಟಲ್ ಸಂಗೀತ ಕೇಳಿದಾಗಲೆಲ್ಲ ಇದೇ ನೆನಪಾಗುತ್ತದೆ.

ಬೆಣ್ಣೆನಗರಿ:

ಪ್ರಶ್ನೆಗಳು ಚೆನ್ನಾಗಿವೆ ಸರ್. ಆದರೆ ಆರನೆಯದು ತೆಗೆಯಿರಿ. ಚಾಕ್‌ಪೀಸ್ ಸರ್ ಹೇಳಿದ ಕಾರಣಕ್ಕಲ್ಲ, ಸ್ಯಾನ್ ಹೋಸೆ ಅವರು ಹೇಳಿದ ಕಾರಣಕ್ಕೂ ಅಲ್ಲ.

ನಾನು ದಾವಣಗೆರೆಯವಳು. 1990ರಲ್ಲಿ ಆರನೇ ಕ್ಲಾಸು. ಅವತ್ತು ಭಾನುವಾರ. ಅಮ್ಮ ರೊಟ್ಟಿ ಬಡಿಯುತ್ತಿದ್ದರು. ಪಕ್ಕದ ಮನೆಯವರು ಬಾಗಿಲಿಗೆ ಬಂದು "ಆನಗೋಡು ಹತ್ರ ಶಂಕರ್ ನಾಗ್ ಕಾರು..." ಅಂತ ಹೇಳಿ ಮುಂದೆ ಮಾತು ಬಾರದೆ ನಿಂತುಬಿಟ್ಟರು. ಅಮ್ಮನ ಕೈ ಹಿಟ್ಟಿನ ಮೇಲೇ ನಿಂತಿತು, ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆ ಬಂದರೂ ಯಾರಿಗೂ ಗಮನ ಇರಲಿಲ್ಲ. ಅಪ್ಪ ಸೈಕಲ್ ತೆಗೆದುಕೊಂಡು ಹೊರಟೇಬಿಟ್ಟರು, ಎಲ್ಲಿಗೆ ಅಂತಲೂ ಹೇಳಲಿಲ್ಲ. ರಾತ್ರಿ ವಾಪಸ್ ಬಂದವರು ಊಟ ಮಾಡಲಿಲ್ಲ. ನನ್ನ ಅಪ್ಪ ಅದಕ್ಕೆ ಮೊದಲು ಯಾರಿಗೂ ಹಾಗೆ ಅತ್ತದ್ದು ನಾನು ನೋಡಿರಲಿಲ್ಲ. ಈಗಲೂ ಬೆಂಗಳೂರು ಬಸ್ಸು ಆನಗೋಡು ದಾಟುವಾಗ ನಾನು ಕಿಟಕಿಯ ಕಡೆ ತಿರುಗುತ್ತೇನೆ.

ಅವರು ಮಾಡಿದ ಕೆಲಸ ಅಷ್ಟೊಂದಿದೆ. 12 ವರ್ಷದಲ್ಲಿ ನಟನೆ, ನಿರ್ದೇಶನ, ನಾಟಕ, ದೂರದರ್ಶನ, ಎಲ್ಲಾ. ಒಬ್ಬ ಹುಡುಗನಿಗೆ ಮೊದಲ ಸಲ ಆ ಹೆಸರು ಸಿಗುವುದು ಅಪಘಾತದ ತಾರೀಕಿನಿಂದ ಆಗುವುದು ಬೇಡ. ತಾರೀಕೇ ಬೇಕು ಅಂದರೆ ಹುಟ್ಟಿದ ದಿನ ಇಡಿ, ನವೆಂಬರ್ 9. ಅದಕ್ಕೆ ಒಳ್ಳೆಯ ಪ್ರಶ್ನೆ ಇದೆ: ಬರ್ಲಿನ್ ಗೋಡೆ ತೆರೆದದ್ದು ಯಾವ ದಿನ?

ಅದರ ಕತೆಯೂ ಮಕ್ಕಳಿಗೆ ಹೇಳುವಂಥದ್ದೇ. ಪೂರ್ವ ಜರ್ಮನಿಯ ಸರ್ಕಾರದ ಪರವಾಗಿ ಶಾಬೋವ್‌ಸ್ಕಿ ಅನ್ನುವವರು ಸಂಜೆ ಪತ್ರಿಕಾಗೋಷ್ಠಿಗೆ ಕೂತಿದ್ದರು. ಜನ ಗಡಿ ದಾಟಬಹುದು ಅನ್ನುವ ಹೊಸ ನಿಯಮದ ಚೀಟಿ ಕೈಯಲ್ಲಿತ್ತು. ಅದು ಜಾರಿಗೆ ಬರಬೇಕಾಗಿದ್ದು ಮಾರನೆ ದಿನ. ಯಾವಾಗಿಂದ ಅಂತ ಪತ್ರಕರ್ತರು ಕೇಳಿದಾಗ ಅವರು ಕಾಗದ ತಿರುಗಿಸಿ ನೋಡಿ, ನನಗೆ ತಿಳಿದ ಮಟ್ಟಿಗೆ ಈಗಿಂದೀಗಲೇ ಅಂದುಬಿಟ್ಟರು. ಟಿವಿ ನೋಡುತ್ತಿದ್ದ ಜನ ಚಳಿಯಲ್ಲಿ ಕೋಟು ಹಾಕಿಕೊಂಡು ಗಡಿ ಗೇಟುಗಳಿಗೆ ನುಗ್ಗಿದರು. ಕಾವಲಿನವರಿಗೆ ಆದೇಶವೇ ಬಂದಿರಲಿಲ್ಲ. ರಾತ್ರಿ ಹನ್ನೊಂದೂವರೆ ಹೊತ್ತಿಗೆ ಒಂದು ಕಡೆಯ ಅಧಿಕಾರಿ ತಾನೇ ಗೇಟು ತೆಗೆಸಿದರು.

1989ರ ನವೆಂಬರ್ 9. ಶಂಕರ್ ನಾಗ್‌ಗೆ ಅವತ್ತು 35 ತುಂಬಿತು. ಅದು ಅವರ ಕೊನೆಯ ಹುಟ್ಟುಹಬ್ಬ. ಎರಡು ಜರ್ಮನಿ ಒಂದಾದದ್ದು 1990ರ ಅಕ್ಟೋಬರ್ 3ಕ್ಕೆ, ಅವರು ಹೋಗಿ ಮೂರು ದಿನಕ್ಕೆ.

ಚಾಕ್‌ಪೀಸ್:

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ನಾನು ಲೆಕ್ಕ ಮಾತ್ರ ನೋಡಿದ್ದೆ.

ಬರ್ಲಿನ್ ಪ್ರಶ್ನೆ ಕೇಳುವಾಗ ಒಂದು ಎಚ್ಚರ. ಅಲ್ಲಿ ರಾತ್ರಿ ಹನ್ನೊಂದೂವರೆ ಅಂದರೆ ನಮ್ಮಲ್ಲಿ ಬೆಳಗಿನ ಜಾವ ನಾಲ್ಕು, ಅಂದರೆ ನವೆಂಬರ್ 10. ಗಟ್ಟಿಯಾಗಿ ವಾದ ಮಾಡುವ ಒಬ್ಬರಾದರೂ ಎಲ್ಲಾ ಕ್ವಿಜ್‌ನಲ್ಲೂ ಇರುತ್ತಾರೆ. ಬರ್ಲಿನ್‌ನ ಗಡಿಯಾರದ ಪ್ರಕಾರ ಅಂತ ಪ್ರಶ್ನೆಯಲ್ಲೇ ಸೇರಿಸಿಬಿಡಿ.

ರಂಗದ ಹಿಂದೆ:

ತಡವಾಗಿ ಬಂದೆ. ಇಷ್ಟು ಜನ ಮಾತಾಡಿದರೂ ಯಾರೂ ನಾಟಕದ ಕಡೆ ಹೋಗಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ. ಶಂಕರ್ ನಾಗ್ ಸಿನಿಮಾಕ್ಕೆ ಬರುವ ಮೊದಲು ಮುಂಬೈಯಲ್ಲಿ ಮರಾಠಿ ರಂಗಭೂಮಿಯಲ್ಲಿದ್ದರು, ಅರುಂಧತಿ ಅವರ ಪರಿಚಯ ಆಗಿದ್ದೂ ಅಲ್ಲೇ. ಇಲ್ಲಿಗೆ ಬಂದಮೇಲೆ ಸಂಕೇತ್ ತಂಡ ಕಟ್ಟಿದರು. ಬೆಂಗಳೂರಿನಲ್ಲಿ ನಾಟಕಕ್ಕೆ ಅಂತಲೇ ಒಂದು ರಂಗಮಂದಿರ ಬೇಕು ಅನ್ನುವುದು ಅವರ ಆಸೆಯಾಗಿತ್ತು. ಅವರು ಹೋದ 14 ವರ್ಷಕ್ಕೆ, 2004ರಲ್ಲಿ, ಅರುಂಧತಿ ನಾಗ್ ಜೆ.ಪಿ. ನಗರದಲ್ಲಿ ರಂಗಶಂಕರ ಕಟ್ಟಿ ನಿಲ್ಲಿಸಿದರು. ಅಲ್ಲಿ ನಾಟಕ ಶುರುವಾದ ಮೇಲೆ ಬಾಗಿಲು ತೆಗೆಯುವುದಿಲ್ಲ, ಯಾರೇ ಆಗಲಿ. ನಾನೇ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಎರಡು ನಿಮಿಷ ತಡವಾಗಿ ಹೋಗಿ, ಟಿಕೆಟ್ ಕೈಯಲ್ಲಿ ಹಿಡಿದುಕೊಂಡು ಹೊರಗೆ ಕೂತು ಅಕ್ಕಿರೊಟ್ಟಿ ತಿಂದು ಬಂದಿದ್ದೇನೆ. ಬೇಜಾರಾಗಿತ್ತು, ಆದರೆ ಒಳಗೆ ಆಡುವವರಿಗೆ ಕೊಡುವ ಮರ್ಯಾದೆ ಅದು, ಸರಿಯಾಗಿಯೇ ಇದೆ.

ಇದನ್ನು ನೇರವಾಗಿ ಕೇಳಿದರೆ ಹೆಸರಿನಲ್ಲೇ ಉತ್ತರ ಸಿಕ್ಕಿಬಿಡುತ್ತದೆ, ಹಾಗಾಗಿ ಪ್ರಶ್ನೆ ಬೇಡ. ಬೇರೆ ಒಂದು ಕೊಡುತ್ತೇನೆ. ಪುಣೆಯಲ್ಲಿ ಪ್ಲೇಗ್ ಬಂದಾಗ ಮನೆ ಮನೆ ನುಗ್ಗಿ ತಪಾಸಣೆ ಮಾಡಿಸಿ ಜನರ ಸಿಟ್ಟಿಗೆ ಗುರಿಯಾದ ಬ್ರಿಟಿಷ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ದು ಯಾವ ದಿನ? 1897ರ ಜೂನ್ 22, ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷ ಆದ ಸಂಭ್ರಮದ ರಾತ್ರಿ. ಆ ತಾರೀಕನ್ನೇ ಹೆಸರಾಗಿ ಇಟ್ಟುಕೊಂಡು ಮರಾಠಿಯಲ್ಲಿ 1979ರಲ್ಲಿ ಒಂದು ಚಿತ್ರ ಬಂತು. ಅದರ ಬರವಣಿಗೆಯಲ್ಲಿ ಶಂಕರ್ ನಾಗ್ ಕೈ ಇದೆ. ಇದು ಸ್ಟೈನ್‌ಬೆಕ್‌ಗಿಂತ ಕಷ್ಟ. 60 ಅಂಕ ನಿಜವಾಗಿ 60 ಅಂಕದ ಹಾಗೆ ಇರಬೇಕು ಅಂದರೆ ಇದನ್ನು ಮೊದಲು ಇಡಿ.

ಭಾನುವಾರದ ಕ್ವಿಜ್, ಹಾಸನ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಣ್ಣೆನಗರಿ ಮೇಡಂ, ಆರನೆಯದನ್ನು ತೆಗೆದಿದ್ದೇನೆ. ಎರಡು ದಿನಾಂಕ ಒಂದೇ ಆಯಿತಲ್ಲ, ಇಬ್ಬರೂ ನಟರು, ಇಬ್ಬರದೂ ಕಾರು ಅಪಘಾತ, ಇಷ್ಟು ಒಳ್ಳೆ ಕೊಂಡಿ ಸಿಗುವುದಿಲ್ಲ ಅಂತ ಖುಷಿಯಲ್ಲಿ ಹಾಕಿದ್ದೆ. ನಿಮ್ಮ ಅಪ್ಪನ ಸೈಕಲ್ ಓದಿದ ಮೇಲೆ ಅದನ್ನು ಮೈಕಿನಲ್ಲಿ ಕೇಳಲು ನನ್ನಿಂದ ಆಗುವುದಿಲ್ಲ.

ರ‍್ಯಾಂಡ್ ಪ್ರಶ್ನೆ ತುಂಬಾ ಇಷ್ಟವಾಯಿತು, ಆದರೆ ಎರಡು ತಾರೀಕಿನ ಪ್ರಶ್ನೆ ಒಟ್ಟಿಗೆ ಬೇಡ ಅನ್ನಿಸಿತು. ಅದನ್ನು ಬೇರೆ ಸುತ್ತಿನಲ್ಲಿ ಬಿಡಿಯಾಗಿ ಕೇಳುತ್ತೇನೆ. ಈಗ ಸರದಿ ಹೀಗಿದೆ: ಬರ್ಲಿನ್ ಗೋಡೆ, ಸ್ಟೈನ್‌ಬೆಕ್, ನವಿಲು, ಲಕ್ಷ್ಮಣ್, ಆಗುಂಬೆ, ಜೇನುನೊಣ. ಕಾಳಿಂಗದ ಹೊಸ ಹೆಸರನ್ನೂ ಸೇರಿಸಿದ್ದೇನೆ.

ಭಾನುವಾರದ ಕ್ವಿಜ್, ಹಾಸನ:

ನಿನ್ನೆ ಕ್ವಿಜ್ ಆಯಿತು. ಏನಾಯಿತು ಅಂತ ಹೇಳಲೇಬೇಕು.

ಸ್ಟೈನ್‌ಬೆಕ್ ಉತ್ತರ ಬಂದ ಕೂಡಲೇ ನಿವೃತ್ತ ಮೇಷ್ಟ್ರುಗಳ ತಂಡ ಕೈ ಎತ್ತಿ ರಾಜ್‌ಕುಮಾರ್ ಅಂದಿತು. ಆ ಚಿತ್ರ ಬಂದಾಗ ಟಾಕೀಸಿಗೇ ಹೋಗಿ ನೋಡಿದವರು ಅವರು, ಸ್ಯಾನ್ ಹೋಸೆ ಅವರು ಹೋದ ದಾರಿಯಲ್ಲೇ ಹೋದರು. ನವೆಂಬರ್ 9 ಅದಕ್ಕೆ ಕೂಡುವುದಿಲ್ಲ ಅಂತ ಹೇಳಿದೆ. ರಾಜ್‌ಕುಮಾರ್ ಹುಟ್ಟಿದ್ದು ಏಪ್ರಿಲ್ 24 ಅಲ್ವಾ ಅಂತ ಅವರೇ ಹೇಳಿ ಕೂತರು. ನವಿಲಿಗೆ ಯಾರೂ ಏಳಲಿಲ್ಲ.

ಲಕ್ಷ್ಮಣ್ ಉತ್ತರ ಬಂತು. ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರ ತಂಡ ಇತ್ತು, ಕೊನೆಯ ಬೆಂಚಿನಲ್ಲಿ. ಅವರಲ್ಲಿ ಒಬ್ಬಳು ನಿಧಾನಕ್ಕೆ ಎದ್ದು ಶಂಕರ್ ನಾಗ್ ಅಂದಳು. ಹೇಗೆ ಗೊತ್ತಾಯಿತು ಪುಟ್ಟಾ ಅಂತ ಕೇಳಿದೆ. ಹೋದ ವರ್ಷ ಜೋಗಕ್ಕೆ ಶಾಲೆಯಿಂದ ಪ್ರವಾಸ ಹೋಗಿದ್ದಾಗ ಅರಸಾಳು ರೈಲ್ವೆ ನಿಲ್ದಾಣದ ಮಾಲ್ಗುಡಿ ಮ್ಯೂಸಿಯಂ ತೋರಿಸಿದ್ದರಂತೆ, ಅಲ್ಲಿ ಲಕ್ಷ್ಮಣ್ ಹೆಸರು ಕೇಳಿದ್ದಳಂತೆ. ಆದರೆ ಅವಳಿಗೆ ಅನುಮಾನ ಬಂದದ್ದು ಮೊದಲ ಉತ್ತರಕ್ಕೇ. ಅವಳ ಅಪ್ಪ ಆಟೋ ಓಡಿಸುತ್ತಾರೆ. ಪ್ರತಿ ವರ್ಷ ನವೆಂಬರ್ 9ಕ್ಕೆ ಅವರ ನಿಲ್ದಾಣದಲ್ಲಿ ಆಟೋಗಳನ್ನು ಸಾಲಾಗಿ ನಿಲ್ಲಿಸಿ, ಚೆಂಡು ಹೂವಿನ ಹಾರ ಹಾಕಿ, ಶಂಕರಣ್ಣನ ಫೋಟೋ ಇಟ್ಟು ಕೇಸರಿಬಾತು ಹಂಚುತ್ತಾರೆ. ತಾರೀಕು ಕೇಳಿದ ಕೂಡಲೇ ಗೆಳತಿಯ ಕಿವಿಯಲ್ಲಿ ಹೇಳಿದ್ದಾಳೆ. ಗೆಳತಿ, ಬರ್ಲಿನ್ ಗೋಡೆಗೂ ಶಂಕರ್ ನಾಗ್‌ಗೂ ಎಲ್ಲಿಯ ಸಂಬಂಧ, ಸುಮ್ನೆ ಕೂರು ಅಂತ ಕೈ ಹಿಡಿದು ಕೂರಿಸಿದ್ದಾಳೆ. ಮೂರು ಪ್ರಶ್ನೆ ಹಾಗೇ ತಡೆದುಕೊಂಡು ಕೂತಿದ್ದಾಳೆ ಪಾಪ.

30 ಅಂಕ ಸಿಕ್ಕಿತು. ಆಗುಂಬೆ ಮತ್ತು ಜೇನುನೊಣದ ಪ್ರಶ್ನೆಯನ್ನು ಆಮೇಲೆ ಎಲ್ಲರಿಗೂ ಸುಮ್ನೆ ಕೇಳಿದೆ. ಆಪೆ ಅಂದರೆ ಜೇನುನೊಣ ಅಂತ ಹೇಳಿದ್ದಕ್ಕೆ ಅವಳು ಅದನ್ನು ಬರೆದುಕೊಂಡಳು, ಅಪ್ಪನಿಗೆ ಹೇಳಬೇಕಂತೆ.

ಬೆಣ್ಣೆನಗರಿ:

ಓದಿ ಕಣ್ಣು ತುಂಬಿತು ಸರ್. ಒಂದು ಕೇಳುತ್ತೇನೆ, ಆ ಹುಡುಗಿ ಮೊದಲ ಉತ್ತರಕ್ಕೇ ಎದ್ದು ಹೇಳಿದ್ದರೆ ಪೂರ್ತಿ 60 ಕೊಡುತ್ತಿದ್ದಿರಾ?

ಭಾನುವಾರದ ಕ್ವಿಜ್, ಹಾಸನ:

ಪೂರ್ತಿ 60 ಮೇಡಂ. ಗೆಳತಿಗೂ ಅದನ್ನೇ ಹೇಳಿದ್ದೇನೆ, ಮುಂದಿನ ತಿಂಗಳು ಅವಳ ಕೈ ಹಿಡಿಯಬೇಡ ಅಂತ.